ಪ್ರಾಸ್ಪೆಕ್ಟಸ್ ಸಾಲದು, ವೇಳಾಪಟ್ಟಿ ಕೇಳಿ: ಇಂಗ್ಲೆಂಡಿನ ಕ್ಯಾಥೋಲಿಕ್ ಸೆಕೆಂಡರಿ ಶಾಲೆಗಳ ಕನ್ನಡ ಪೋಷಕರಿಗೊಂದು ಬಹಿರಂಗ ಪತ್ರ

ಆತ್ಮೀಯ ತಂದೆತಾಯಂದಿರೇ, ಶಾಲೆಯ ಆಡಳಿತ ಮಂಡಳಿಗೆ ಪೋಷಕರ ಕಡೆಯಿಂದ ಆಯ್ಕೆಯಾಗಿ ಹೋಗಿರುವ ಕನ್ನಡ ಗವರ್ನರುಗಳೇ,

ಇಂಗ್ಲೆಂಡಿನ ಯಾವ ಕ್ಯಾಥೋಲಿಕ್ ಸೆಕೆಂಡರಿ ಶಾಲೆಯ ಪ್ರಾಸ್ಪೆಕ್ಟಸ್ ತೆರೆದರೂ ‘ನಮ್ಮದು ವಿಶಾಲವಾದ, ಸಮತೋಲನದ ಪಠ್ಯಕ್ರಮ’ ಎಂಬ ಸಾಲು ಇದ್ದೇ ಇರುತ್ತದೆ. ಈ ಸಾಲಿನ ಹಿಂದೆ ಕಾನೂನಿದೆ. ಮಕ್ಕಳ ಆಧ್ಯಾತ್ಮಿಕ, ನೈತಿಕ, ಸಾಂಸ್ಕೃತಿಕ, ಮಾನಸಿಕ ಮತ್ತು ದೈಹಿಕ ಬೆಳವಣಿಗೆಗೆ ಒತ್ತಾಸೆಯಾಗುವ, ಮುಂದಿನ ಬದುಕಿಗೆ ಅವರನ್ನು ಅಣಿಗೊಳಿಸುವ ಪಠ್ಯಕ್ರಮ ಇರಬೇಕು ಎಂದು 2002ರ ಶಿಕ್ಷಣ ಕಾಯ್ದೆಯ 78ನೇ ಕಲಂ ಹೇಳುತ್ತದೆ. ಅಕಾಡೆಮಿಗಳಾಗಿ (ಸ್ಥಳೀಯ ಆಡಳಿತದಿಂದ ಹೊರಬಂದು ನೇರವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಾಗಿ) ಬದಲಾದ ಶಾಲೆಗಳಿಗೂ 2010ರ ಅಕಾಡೆಮಿ ಕಾಯ್ದೆ ಇದೇ ಹೊಣೆಯನ್ನು ಹೊರಿಸಿದೆ. ಆದರೆ ಯಾವ ವಿಷಯಕ್ಕೆ ಎಷ್ಟು ಗಂಟೆ ಕೊಡಬೇಕೆಂದು ಕಾನೂನು ಎಲ್ಲೂ ಹೇಳುವುದಿಲ್ಲ. ಆ ತೀರ್ಮಾನ ಶಾಲೆಯೊಳಗೆ, ವೇಳಾಪಟ್ಟಿ ಹೆಣೆಯುವವರ ಮೇಜಿನ ಮೇಲೆ ಆಗುತ್ತದೆ. ಪೋಷಕರು ಪಠ್ಯಕ್ರಮದ ಬಗ್ಗೆ ಕೇಳುವುದಿದ್ದರೆ ಆ ಮೇಜಿನ ಮುಂದೆಯೇ ಕೇಳಬೇಕು.

ಕನ್ನಡದಲ್ಲೇ ಇದನ್ನು ಬರೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬಹುಪಾಲು ಜನ ಓದಿದ್ದು ಎಸ್‌ಎಸ್‌ಎಲ್‌ಸಿ ಪದ್ಧತಿಯಲ್ಲಿ. ಅಲ್ಲಿ ಹತ್ತನೇ ತರಗತಿಯವರೆಗೆ ವಿಷಯ ಬಿಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಇಲ್ಲಿ ಮಗು ಹದಿನಾಲ್ಕರ ಹೊತ್ತಿಗೆ ಇತಿಹಾಸವನ್ನೋ ಸಂಗೀತವನ್ನೋ ಶಾಶ್ವತವಾಗಿ ಬಿಟ್ಟುಬಿಡಬಹುದು. ಅಷ್ಟರೊಳಗೆ ಆ ವಿಷಯ ಅದಕ್ಕೆ ನಿಜವಾಗಿ ಸಿಕ್ಕಿತ್ತೇ ಎಂಬುದನ್ನು ಹೆಚ್ಚಿನ ಪೋಷಕರು ಕೇಳುವುದೇ ಇಲ್ಲ.

ಮೊದಲು ಲೆಕ್ಕ ನೋಡೋಣ. ವಾರಕ್ಕೆ 25 ಗಂಟೆ ಪಾಠ, ಒಂದು ಗಂಟೆಯ ಪೀರಿಯಡ್, ಎರಡು ವಾರಕ್ಕೊಮ್ಮೆ ಸುತ್ತುವ ವೇಳಾಪಟ್ಟಿ ಎಂದು ಇಟ್ಟುಕೊಳ್ಳಿ. ಒಟ್ಟು 50 ಪೀರಿಯಡ್. ಇಯರ್ 7ಕ್ಕೆ (ಹನ್ನೊಂದು ದಾಟಿದ ಮಕ್ಕಳು ಸೇರುವ ಸೆಕೆಂಡರಿಯ ಮೊದಲ ವರ್ಷ) ಒಪ್ಪುವಂಥ ಹಂಚಿಕೆ ಹೀಗಿರಬಹುದು: ಇಂಗ್ಲಿಷಿಗೆ 7, ಗಣಿತಕ್ಕೆ 7, ವಿಜ್ಞಾನಕ್ಕೆ 6, ಧಾರ್ಮಿಕ ಶಿಕ್ಷಣಕ್ಕೆ 5, ಫ್ರೆಂಚ್ ಅಥವಾ ಸ್ಪ್ಯಾನಿಷ್‌ಗೆ 5, ಇತಿಹಾಸಕ್ಕೆ 3, ಭೂಗೋಳಕ್ಕೆ 3, ದೈಹಿಕ ಶಿಕ್ಷಣಕ್ಕೆ 4, ಚಿತ್ರಕಲೆಗೆ 2, ಸಂಗೀತಕ್ಕೆ 2, ವಿನ್ಯಾಸ-ತಂತ್ರಜ್ಞಾನ ಮತ್ತು ಅಡುಗೆಗೆ ಸೇರಿ 3, ಕಂಪ್ಯೂಟಿಂಗಿಗೆ 2, ಸಂಬಂಧ-ಆರೋಗ್ಯ-ಪೌರನೀತಿಯ ಪಾಠಕ್ಕೆ 1. ಐವತ್ತು ಮುಗಿಯಿತು. ನಾಟಕಕ್ಕೆ ಜಾಗವೇ ಉಳಿಯಲಿಲ್ಲ, ಅದು ಇಂಗ್ಲಿಷಿನೊಳಗೆ ನುಸುಳಬೇಕು. ಎಲ್ಲವನ್ನೂ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಈ ಐವತ್ತನ್ನು ನೆನಪಿಸಿಕೊಳ್ಳಿ. ಒಂದು ವಿಷಯಕ್ಕೆ ಒಂದು ಪೀರಿಯಡ್ ಹೆಚ್ಚಾದರೆ ಇನ್ನೊಂದರ ಹೆಸರಿನಿಂದ ಅದು ಕಡಿತವಾಗಲೇಬೇಕು.

ಕ್ಯಾಥೋಲಿಕ್ ಶಾಲೆಯ ಲೆಕ್ಕದಲ್ಲಿ ಒಂದು ಅಂಕಿ ಮಾತ್ರ ಅಲುಗಾಡುವುದಿಲ್ಲ. ಹದಿನಾರು ವರ್ಷದವರೆಗೆ ಪಾಠದ ಸಮಯದ ಶೇಕಡಾ 10 ಭಾಗ ಧಾರ್ಮಿಕ ಶಿಕ್ಷಣಕ್ಕೆ ಮೀಸಲು, ಆ ಮೇಲಿನ ಎರಡು ವರ್ಷದ ಸಿಕ್ಸ್ತ್ ಫಾರ್ಮ್‌ನಲ್ಲಿ ಶೇಕಡಾ 5. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿಯ ನಿಯಮ. ಬೆಳಗಿನ ಪ್ರಾರ್ಥನೆ, ಅಸೆಂಬ್ಲಿ, ಬಲಿಪೂಜೆ (ಮಾಸ್) ಈ ಹತ್ತರೊಳಗೆ ಬರುವುದಿಲ್ಲ. ಕ್ಯಾಥೋಲಿಕ್ ಅಲ್ಲದ ಅನೇಕ ಶಾಲೆಗಳಲ್ಲಿ ಧಾರ್ಮಿಕ ಶಿಕ್ಷಣಕ್ಕೆ ವಾರಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಆ ಲೆಕ್ಕಕ್ಕೆ ಹೋಲಿಸಿದರೆ ಇಲ್ಲಿ ಎರಡು ವಾರಕ್ಕೆ ಮೂರು ಪೀರಿಯಡ್ ಹೆಚ್ಚು. ‘ಆರ್‌ಇಯಿಂದಾಗಿ ಬೇರೆ ವಿಷಯಕ್ಕೆ ಕತ್ತರಿ ಬೀಳುತ್ತದೆ’ (ಆರ್‌ಇ ಎಂದರೆ ಧಾರ್ಮಿಕ ಶಿಕ್ಷಣ) ಎಂಬ ದೂರು ಹುಟ್ಟುವುದು ಈ ಮೂರು ಪೀರಿಯಡ್‌ಗಳಿಂದಲೇ.

ಈ ದೂರನ್ನು ನಾವು ಒಪ್ಪುವುದಿಲ್ಲ. ಆ ಮೂರು ಪೀರಿಯಡ್ ಎಲ್ಲಿಂದ ಬಂದವು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಚೆನ್ನಾಗಿ ನಡೆಯುವ ಧಾರ್ಮಿಕ ಶಿಕ್ಷಣದ ಪಾಠದಲ್ಲಿ ಮಗು ಒಂದು ಪಠ್ಯಭಾಗವನ್ನು ಗಮನವಿಟ್ಟು ಓದುತ್ತದೆ, ಅದರ ಸಾಹಿತ್ಯ ಪ್ರಕಾರ ಯಾವುದೆಂದು ಗುರುತಿಸುತ್ತದೆ, ವಾದ ಕಟ್ಟಿ ಪ್ರಬಂಧ ಬರೆಯುತ್ತದೆ. ಇಂಗ್ಲಿಷ್ ಮತ್ತು ಇತಿಹಾಸದ ಪಾಠಗಳಲ್ಲಿ ನಡೆಯುವ ಕೆಲಸವೂ ಇದೇ. ಹಾಗಾಗಿ ಇಂಗ್ಲಿಷಿನಿಂದ ಒಂದು, ಗಣಿತದಿಂದ ಒಂದು ಪೀರಿಯಡ್ ತೆಗೆದುಕೊಂಡು ಆರ್‌ಇಗೆ ಕೊಟ್ಟರೆ ಆಗುವ ನಷ್ಟ ಸಣ್ಣದು. ಏಳೆಂಟು ಪೀರಿಯಡ್ ಇರುವ ವಿಷಯ ಒಂದನ್ನು ಕಳೆದುಕೊಂಡೂ ನಡೆಯುತ್ತದೆ. ಎರಡೇ ಇರುವ ಸಂಗೀತ ಒಂದನ್ನು ಕಳೆದುಕೊಂಡರೆ ಅರ್ಧವೇ ಹೋಯಿತು. ಹೀಗಿದ್ದರೂ ಕತ್ತರಿ ಬೀಳುವುದು ಸಣ್ಣ ವಿಷಯಗಳಿಗೇ, ಏಕೆಂದರೆ ದೊಡ್ಡ ವಿಭಾಗಗಳ ಮುಖ್ಯಸ್ಥರು ಆಡಳಿತದ ಸಭೆಯಲ್ಲಿ ಕೂತಿರುತ್ತಾರೆ, ಒಬ್ಬರೇ ಶಿಕ್ಷಕರಿರುವ ಸಂಗೀತ ವಿಭಾಗಕ್ಕೆ ಅಲ್ಲಿ ದನಿ ಇರುವುದಿಲ್ಲ.

ಧಾರ್ಮಿಕ ಶಿಕ್ಷಣದೊಳಗೆ ಏನಿದೆ ಎಂಬುದನ್ನೂ ಹೇಳಬೇಕು. ನಮ್ಮವರಲ್ಲಿ ಕೆಲವರಿಗೆ ಇದು ಭಾನುವಾರದ ಧರ್ಮೋಪದೇಶದ ಮುಂದುವರಿಕೆ ಎಂಬ ಭಾವನೆ ಇದೆ, ಇನ್ನು ಕೆಲವರಿಗೆ ಮತಾಂತರದ ಭಯ. ಧರ್ಮಾಧ್ಯಕ್ಷರು 2023ರಲ್ಲಿ ಹೊರತಂದ ನಿರ್ದೇಶಿಕೆ ಧಾರ್ಮಿಕ ಶಿಕ್ಷಣವನ್ನು ಉಳಿದ ವಿಷಯಗಳಷ್ಟೇ ಶಿಸ್ತಿನ ಅಧ್ಯಯನ ಎಂದು ಕಾಣುತ್ತದೆ. ಪ್ರತಿ ವರ್ಷದ ಪಾಠ ಆರು ಶಾಖೆಗಳಲ್ಲಿ ನಡೆಯುತ್ತದೆ. ಸೃಷ್ಟಿ ಮತ್ತು ಒಡಂಬಡಿಕೆಯಿಂದ ಶುರುವಾಗಿ, ಪ್ರವಾದನೆ, ಗಲಿಲೇಯದಿಂದ ಜೆರುಸಲೇಮಿನ ದಾರಿ, ತಪಸ್ಸುಕಾಲ ಮತ್ತು ಪಾಸ್ಖ (ಈಸ್ಟರ್), ಧರ್ಮಸಭೆಯ (ಚರ್ಚಿನ) ಹರಡುವಿಕೆ ಇವುಗಳನ್ನು ದಾಟಿ ಆರನೆಯದಾದ ಸಂವಾದ ಮತ್ತು ಭೇಟಿಗೆ ಬರುತ್ತದೆ. ಬೇರೆ ಧರ್ಮಗಳ, ಬೇರೆ ಜೀವನದೃಷ್ಟಿಗಳ ಪರಿಚಯ ಆಗುವುದು ಈ ಆರನೆಯದರಲ್ಲಿ. ಆದರೆ ಇದು ವರ್ಷದ ಕೊನೆಯಲ್ಲಿ ಬರುವುದರಿಂದ ಪರೀಕ್ಷೆ, ಕ್ರೀಡಾದಿನ, ಪ್ರವಾಸಗಳ ಗದ್ದಲದಲ್ಲಿ ಎರಡು ಪಾಠಕ್ಕೆ ಮುಗಿದುಹೋಗುವ ಅಪಾಯವಿದೆ. ನಿಮ್ಮ ಮಗುವಿನ ಪುಸ್ತಕದಲ್ಲಿ ಜೂನ್ ಮತ್ತು ಜುಲೈ ತಿಂಗಳ ಪುಟಗಳನ್ನು ತಿರುವಿ ನೋಡಿದರೆ ಗೊತ್ತಾಗುತ್ತದೆ.

ಜಿಸಿಎಸ್‌ಇಗೆ (ಹದಿನಾರರ ಹೊತ್ತಿಗೆ ವಿಷಯವಾರು ಬರೆಯುವ ಪರೀಕ್ಷೆ) ಬಂದಾಗ ಎರಡು ಧರ್ಮಗಳನ್ನು ಓದುವುದು ಕಡ್ಡಾಯ. ಕ್ಯಾಥೋಲಿಕ್ ಶಾಲೆಗಳು ಆರಿಸಿಕೊಳ್ಳುವ ಪಠ್ಯಕ್ರಮಗಳಲ್ಲಿ ಮುಕ್ಕಾಲು ಭಾಗ ಕ್ಯಾಥೋಲಿಕ್ ಕ್ರೈಸ್ತಧರ್ಮ, ಕಾಲು ಭಾಗ ಸಾಮಾನ್ಯವಾಗಿ ಯಹೂದಿ ಧರ್ಮ. ಅಂಕಗಳಲ್ಲಿ ಅರ್ಧ ತಿಳಿವಳಿಕೆಗೆ, ಇನ್ನರ್ಧ ವಿಶ್ಲೇಷಣೆ ಮತ್ತು ಮೌಲ್ಯಮಾಪನಕ್ಕೆ. ಒಂದು ಹೇಳಿಕೆ ಕೊಟ್ಟು ಪರ ಮತ್ತು ವಿರೋಧ ವಾದಗಳನ್ನು ತೂಗಿ ತೀರ್ಮಾನ ಬರೆಯಿರಿ ಎನ್ನುವುದು ಅಲ್ಲಿಯ ದೊಡ್ಡ ಪ್ರಶ್ನೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ: ಒಂದೇ ಕಡೆಯ ವಾದವನ್ನು ಮೂರು ಬಗೆಯಲ್ಲಿ ಬರೆದು ನಿಲ್ಲಿಸುತ್ತಾರೆ, ಎದುರು ವಾದಕ್ಕೆ ಒಂದೇ ಸಾಲು. ಉತ್ತರ ಬರೆದವರು ನಂಬುತ್ತಾರೋ ಇಲ್ಲವೋ ಎಂಬುದಕ್ಕೆ ಅಂಕವಿಲ್ಲ.

ಪೋಷಕರಿಗೆ ಮಗುವನ್ನು ಧಾರ್ಮಿಕ ಶಿಕ್ಷಣದಿಂದ ಹಿಂದಕ್ಕೆ ಕರೆದುಕೊಳ್ಳುವ ಹಕ್ಕಿದೆ, 1998ರ ಶಾಲಾ ಮಾನದಂಡ ಮತ್ತು ಚೌಕಟ್ಟು ಕಾಯ್ದೆಯ 71ನೇ ಕಲಂ ಪ್ರಕಾರ. ಅದನ್ನು ಬಳಸುವ ಮುನ್ನ ಫಲವೇನೆಂದು ತಿಳಿದುಕೊಳ್ಳಿ. ಆ ಸಮಯದಲ್ಲಿ ಬೇರೆ ವಿಷಯ ಕಲಿಸುವ ಹೊಣೆ ಶಾಲೆಗಿಲ್ಲ. ಎರಡು ವಾರಕ್ಕೆ ಐದು ಗಂಟೆ ಮಗು ಗ್ರಂಥಾಲಯದಲ್ಲಿ ಯಾರದೋ ಕಣ್ಗಾವಲಿನಲ್ಲಿ ಕೂರುತ್ತದೆ, ಜೊತೆಗೆ ಒಂದು ಜಿಸಿಎಸ್‌ಇ ಕೈತಪ್ಪುತ್ತದೆ. ಹಿಂದೂ, ಮುಸ್ಲಿಂ, ಜೈನ ಕುಟುಂಬಗಳ ಅನೇಕ ಮಕ್ಕಳು ಈ ಪಾಠಗಳಲ್ಲಿ ತಮ್ಮ ಮನೆಯ ಆಚರಣೆಯನ್ನು ವಿವರಿಸುತ್ತ ಚರ್ಚೆಯನ್ನು ಬೆಳೆಸುತ್ತಾರೆ. ಅವರು ತರಗತಿಯಲ್ಲಿ ಇರುವುದು ಎಲ್ಲರಿಗೂ ಲಾಭ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕ್ಯಾಥೋಲಿಕ್ ಶಾಲೆ ಎಂದ ಮಾತ್ರಕ್ಕೆ ಎಲ್ಲ ವಿಷಯಕ್ಕೂ ಧರ್ಮದ ಲೇಪ ಹಚ್ಚಬೇಕೆಂದಿಲ್ಲ. ಪ್ರತಿ ವಿಷಯವನ್ನೂ ಅದರದೇ ವಿಧಾನದಲ್ಲಿ ಕಲಿಸಬೇಕು, ಅದನ್ನು ವಿಶ್ವಾಸದ ಸಮರ್ಥನೆಗೆ ಊರುಗೋಲು ಮಾಡಿಕೊಳ್ಳಬಾರದು ಎಂದು ವ್ಯಾಟಿಕನ್ನಿನ ಶಿಕ್ಷಣ ಇಲಾಖೆಯೇ 1977ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದನ್ನು ಪರೀಕ್ಷಿಸಲು ಇಯರ್ 8ರ ಇತಿಹಾಸದಲ್ಲಿ, ಇಂಗ್ಲೆಂಡ್ ರೋಮಿನ ಧರ್ಮಸಭೆಯಿಂದ ಬೇರೆಯಾದ ಸುಧಾರಣಾ ಕಾಲದ ಪಾಠ ನೋಡಿ. ರಾಜನನ್ನು ಇಂಗ್ಲೆಂಡಿನ ಧರ್ಮಸಭೆಯ ಮುಖ್ಯಸ್ಥನನ್ನಾಗಿಸಿದ 1534ರ ಅಧಿಪತ್ಯ ಕಾಯ್ದೆ, 1536ರಿಂದ 1540ರವರೆಗೆ ಮಠಗಳ ಮುಚ್ಚುಗಡೆ, ಎಲಿಜಬೆತ್ ಕಾಲದಲ್ಲಿ ಗಲ್ಲಿಗೇರಿದ ನೂರಕ್ಕೂ ಹೆಚ್ಚು ಕ್ಯಾಥೋಲಿಕ್ ಗುರುಗಳು (ಪಾದ್ರಿಗಳು), ಇಷ್ಟನ್ನು ಯಾವ ಕ್ಯಾಥೋಲಿಕ್ ಶಾಲೆಯೂ ಬಿಡುವುದಿಲ್ಲ. ಮೇರಿ ರಾಣಿಯ ಕಾಲದಲ್ಲಿ ಸುಟ್ಟುಹಾಕಲ್ಪಟ್ಟ ಸುಮಾರು 280 ಪ್ರೊಟೆಸ್ಟೆಂಟರಿಗೂ ಅಷ್ಟೇ ಸಮಯ ಸಿಕ್ಕಿದೆಯೇ? ಎರಡೂ ಕಡೆಯ ಮೂಲ ದಾಖಲೆಗಳನ್ನು ಮಕ್ಕಳ ಕೈಗೆ ಕೊಟ್ಟು ‘ಇದನ್ನು ಬರೆದವರು ಯಾರು, ಯಾರಿಗಾಗಿ’ ಎಂದು ಕೇಳುವ ಪಾಠವಾಗಿದ್ದರೆ ಅದು ಇತಿಹಾಸದ ಪಾಠ.

ವಿಜ್ಞಾನದಲ್ಲೂ ಹಾಗೆಯೇ. ವಿಶ್ವ ಹಿಗ್ಗುತ್ತಿದೆ ಎಂಬ ಲೆಕ್ಕವನ್ನು 1927ರಲ್ಲಿ ಪ್ರಕಟಿಸಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೋಲಿಕ್ ಗುರು. ಬಟಾಣಿ ಗಿಡಗಳ ಮೇಲೆ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ ಅಗಸ್ಟಿನಿಯನ್ ಸಂನ್ಯಾಸಿ. ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ಆರ್‌ಇ ತರಗತಿಯಲ್ಲಿ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯವನ್ನು ಯಾವ ಪ್ರಕಾರದ ಬರಹವೆಂದು ಓದಬೇಕು ಎಂಬ ಪಾಠ ನಡೆದಿದ್ದರೆ, ವಿಕಾಸವಾದ ಕಲಿಸುವ ವಿಜ್ಞಾನ ಶಿಕ್ಷಕರಿಗೆ ‘ಹಾಗಾದರೆ ಬೈಬಲ್ ಸುಳ್ಳೇ?’ ಎಂಬ ಪ್ರಶ್ನೆ ಒಂಟಿಯಾಗಿ ಎದುರಾಗುವುದಿಲ್ಲ. ಎರಡು ವಿಭಾಗದವರು ಆಗಸ್ಟ್ ಮುಗಿಯುವುದರೊಳಗೆ ಒಮ್ಮೆ ಕೂತು ಯಾವ ಪಾಠ ಯಾವ ವಾರ ಎಂದು ತಾಳೆ ನೋಡಿಕೊಂಡರೆ ಆಗುವ ಕೆಲಸ ಇದು.

ಇನ್ನು ವಿಶಾಲತೆ ನಿಜವಾಗಿ ಸೋರಿಹೋಗುವ ಜಾಗಗಳಿಗೆ ಬರೋಣ. ಮೊದಲನೆಯದು ‘ಕ್ಯಾರೊಸೆಲ್’. ಸಂಗೀತ, ಚಿತ್ರಕಲೆ, ವಿನ್ಯಾಸ ಮೂರನ್ನೂ ಒಂದೇ ಜಾಗದಲ್ಲಿಟ್ಟು ಹದಿಮೂರು ವಾರಕ್ಕೊಂದರಂತೆ ಸುತ್ತಿಸುವ ಪದ್ಧತಿ. ವಾರಕ್ಕೆ ಎರಡು ಗಂಟೆ, ಹದಿಮೂರು ವಾರ, ಒಟ್ಟು ಇಪ್ಪತ್ತಾರು ಗಂಟೆ. ಕಾಗದದ ಮೇಲೆ ಎಲ್ಲ ಮಕ್ಕಳಿಗೂ ಎಲ್ಲವೂ ಸಿಕ್ಕಿತು. ಆದರೆ ಇಯರ್ 7ರಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕೀಬೋರ್ಡ್ ಕಲಿತ ಮಗುವಿನ ಸರದಿ ಇಯರ್ 8ರಲ್ಲಿ ವರ್ಷದ ಕೊನೆಗೆ ಬಂದರೆ ನಡುವೆ ಒಂದೂಕಾಲು ವರ್ಷ ಖಾಲಿ. ಸ್ವರಲಿಪಿ ಓದುವುದನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ಶಾಲೆಗಳು ಹೀಗೆ ಮಾಡುವುದಕ್ಕೆ ಕಾರಣ ದುರುದ್ದೇಶವಲ್ಲ. ಒಬ್ಬ ಸಂಗೀತ ಶಿಕ್ಷಕರು, ಒಂದೇ ಸಂಗೀತ ಕೊಠಡಿ ಇದ್ದಾಗ ಕ್ಯಾರೊಸೆಲ್‌ನಿಂದ ವೇಳಾಪಟ್ಟಿ ಸಲೀಸಾಗುತ್ತದೆ.

ನಮ್ಮ ಸಲಹೆ ಇಷ್ಟು. ಸಂಗೀತ ಮತ್ತು ಚಿತ್ರಕಲೆಯನ್ನು ಕ್ಯಾರೊಸೆಲ್‌ನಿಂದ ಹೊರಗೆ ತಂದು ವರ್ಷವಿಡೀ ವಾರಕ್ಕೊಂದು ಗಂಟೆ ಕೊಡಿ, ಏಕೆಂದರೆ ಕೈಗೆ ಅಭ್ಯಾಸ ಕೂರುವುದು ಸ್ವಲ್ಪ ಸ್ವಲ್ಪವಾಗಿ, ಆಗಾಗ ಮಾಡಿದಾಗ. ಅಡುಗೆ, ಮರಗೆಲಸ, ಹೊಲಿಗೆಯನ್ನು ಕ್ಯಾರೊಸೆಲ್‌ನಲ್ಲೇ ಬಿಡಿ, ಆದರೆ ಎರಡು ಗಂಟೆ ಜೋಡಿಸಿ. ಅಡುಗೆಯ ಪಾಠವನ್ನೇ ನೋಡಿ. ಏಪ್ರನ್ ಕಟ್ಟಿ, ಕೈ ತೊಳೆದು, ಸಾಮಾನು ಅಳೆದುಕೊಳ್ಳಲು ಹತ್ತು ನಿಮಿಷ, ಕೊನೆಗೆ ಪಾತ್ರೆ ತೊಳೆದು ಕಟ್ಟೆ ಒರೆಸಿ ಒಲೆ ಪರೀಕ್ಷಿಸಲು ಹದಿನೈದು. ಒಂದು ಗಂಟೆಯಲ್ಲಿ ಉಳಿಯುವುದು ಮೂವತ್ತೈದು ನಿಮಿಷ, ಅಷ್ಟರಲ್ಲಿ ಹಿಟ್ಟು ಉಬ್ಬುವುದಿಲ್ಲ, ಸ್ಟ್ಯೂ ಬೇಯುವುದಿಲ್ಲ. ಹಾಗಾಗಿ ಹಣ್ಣಿನ ಸಲಾಡ್‌ನಿಂದ ಮುಂದೆ ಹೋಗುವುದೇ ಇಲ್ಲ. ಕಾರ್ಯಾಗಾರದ ಪಾಠಕ್ಕೆ ಇನ್ನೊಂದು ಕಟ್ಟುಪಾಡಿದೆ: ಯಂತ್ರಗಳಿರುವ ಕೊಠಡಿಯಲ್ಲಿ ಒಬ್ಬ ಶಿಕ್ಷಕರಿಗೆ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ ಎನ್ನುವುದು ಸುರಕ್ಷತೆಯ ಶಿಫಾರಸು. ಮೂವತ್ತರ ಎರಡು ತರಗತಿಗಳನ್ನು ಇಪ್ಪತ್ತರ ಮೂರು ಗುಂಪು ಮಾಡಬೇಕು, ಅಂದರೆ ಮೂರನೇ ಶಿಕ್ಷಕರ ಸಂಬಳ. ಹಣದ ಕೊರತೆ ಬಂದಾಗ ವಿನ್ಯಾಸ-ತಂತ್ರಜ್ಞಾನ ಮೊದಲು ಸೊರಗುವುದು ಇದಕ್ಕೇ.

ಎರಡು ವಾರದ ವೇಳಾಪಟ್ಟಿಯಲ್ಲಿ ಪೀರಿಯಡ್ ಎಷ್ಟಿವೆ ಎಂಬುದರಷ್ಟೇ ಮುಖ್ಯ, ಅವು ಎಲ್ಲಿ ಬಿದ್ದಿವೆ ಎಂಬುದು. ಇತಿಹಾಸದ ಮೂರು ಪೀರಿಯಡ್ಡುಗಳೂ ಎರಡನೇ ವಾರದ ಸೋಮವಾರ, ಮಂಗಳವಾರ, ಬುಧವಾರ ಬಿದ್ದರೆ ಮುಂದಿನ ಪಾಠಕ್ಕೆ ಹನ್ನೆರಡು ದಿನ ಕಾಯಬೇಕು. ಭಾಷೆಗೆ ಇದು ಇನ್ನೂ ಕೆಟ್ಟದ್ದು. ಫ್ರೆಂಚ್‌ಗೆ ಒಂದು ವಾರ ಎರಡು, ಇನ್ನೊಂದು ವಾರ ಮೂರು, ಬೇರೆ ಬೇರೆ ದಿನಗಳಲ್ಲಿ ಬರಬೇಕು. ಜೋಡಿ ಪೀರಿಯಡ್ ಬೇಡವೇ ಬೇಡ.

ಕ್ಯಾಥೋಲಿಕ್ ಶಾಲೆಗಳಿಗೇ ವಿಶಿಷ್ಟವಾದ ಇನ್ನೊಂದು ತೊಡಕಿದೆ, ಹೆಚ್ಚಿನವರ ಗಮನಕ್ಕೆ ಬಾರದ್ದು. ಇಡೀ ಶಾಲೆ ಸೇರುವ ಬಲಿಪೂಜೆಗಳನ್ನು ಅನುಕೂಲಕ್ಕೆಂದು ಪ್ರತಿ ಸಲವೂ ಒಂದೇ ಹೊತ್ತಿಗೆ, ಶುಕ್ರವಾರ ಮೂರನೇ ಪೀರಿಯಡ್ ಎನ್ನೋಣ, ಇಡುತ್ತಾರೆ. ವರ್ಷಕ್ಕೆ ಆರು ಬಲಿಪೂಜೆ ಎಂದುಕೊಳ್ಳಿ. ಒಂದು ತರಗತಿಗೆ ವಾರಕ್ಕೊಮ್ಮೆ ಬರುವ ಸಂಗೀತ ಅದೇ ಪೀರಿಯಡ್ಡಿಗೆ ಬಿದ್ದಿದ್ದರೆ 38 ಪಾಠಗಳಲ್ಲಿ ಆರು ಹೋದವು, ಹೆಚ್ಚೂಕಡಿಮೆ ಆರನೇ ಒಂದು ಭಾಗ. ಮೇಲೆ ಧ್ಯಾನಕೂಟದ ದಿನ, ಪ್ರವಾಸ, ಪರೀಕ್ಷೆ. ಬಲಿಪೂಜೆ ಶಾಲೆಯ ಹೃದಯ, ಅದನ್ನು ಕಡಿಮೆ ಮಾಡಿ ಎಂದು ನಾವು ಹೇಳುತ್ತಿಲ್ಲ. ವಾರವನ್ನೂ ಪೀರಿಯಡ್ಡನ್ನೂ ಬದಲಿಸುತ್ತ ಹೋಗಿ ಎನ್ನುತ್ತಿದ್ದೇವೆ. ಬೂದಿ ಬುಧವಾರದಂಥ ನಿಗದಿತ ದಿನಗಳನ್ನು ಬಿಟ್ಟರೆ ಉಳಿದವನ್ನು ಹಾಗೆ ಹಂಚಲು ಅಡ್ಡಿಯಿಲ್ಲ. ಗಾಯನವೃಂದ ಅದೇ ಸಂಗೀತದ ತರಗತಿಗಳಿಂದ ಬೆಳೆದು ಬರಬೇಕು ಎಂಬುದನ್ನೂ ಮರೆಯುವಂತಿಲ್ಲ.

ಕೀ ಸ್ಟೇಜ್ 3 ಎಂದರೆ ಇಯರ್ 7, 8, 9, ಮೂರು ವರ್ಷ. ಕೆಲವು ಶಾಲೆಗಳು ಅದನ್ನು ಎರಡಕ್ಕೆ ಇಳಿಸಿ ಇಯರ್ 9ರಲ್ಲೇ ಜಿಸಿಎಸ್‌ಇ ಶುರುಮಾಡುತ್ತವೆ. ಫಲಿತಾಂಶ ಚೆನ್ನಾಗಿ ಬರುತ್ತದೆ ಎಂದು ಪೋಷಕರೂ ಖುಷಿಪಡುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಜಿಸಿಎಸ್‌ಇಗೆ ಬೇಕಾದ ಬೋಧನೆಯ ಸಮಯ ಸುಮಾರು 120 ಗಂಟೆ. ಎರಡು ವಾರಕ್ಕೆ ಐದು ಪೀರಿಯಡ್‌ನಂತೆ ಇಯರ್ 10ರಲ್ಲಿ 95 ಗಂಟೆ, ಇಯರ್ 11ರಲ್ಲಿ ಮೇ ತಿಂಗಳ ಪರೀಕ್ಷೆಯ ಮುಂಚೆ ಸುಮಾರು ಮೂವತ್ತು ವಾರ ಸಿಕ್ಕರೂ 75 ಗಂಟೆ. ಒಟ್ಟು 170. ಎರಡು ವರ್ಷ ಧಾರಾಳವಾಗಿ ಸಾಕು. ಮೂರನೇ ವರ್ಷ ಸೇರಿಸಿದರೆ ಹೆಚ್ಚಿನ ಸಮಯ ಪುನರಾವರ್ತನೆಗೆ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಹೋಗುತ್ತದೆ. ಅದಕ್ಕೆ ತೆರುವ ಬೆಲೆ, ಹದಿಮೂರು ವರ್ಷದ ಮಗು ಭೂಗೋಳವನ್ನೋ ಕಲೆಯನ್ನೋ ಅರ್ಧಕ್ಕೆ ಬಿಡುವುದು.

ಇಯರ್ 10ರ ಐವತ್ತು ಪೀರಿಯಡ್‌ಗಳನ್ನು ಈಗ ನೋಡಿ. ಇಂಗ್ಲಿಷ್ 8, ಗಣಿತ 8, ವಿಜ್ಞಾನ 9, ಧಾರ್ಮಿಕ ಶಿಕ್ಷಣ 5, ದೈಹಿಕ ಶಿಕ್ಷಣ 4, ಸಂಬಂಧ-ಆರೋಗ್ಯ ಶಿಕ್ಷಣ 1. ಇಲ್ಲಿಗೆ 35. ಉಳಿದ 15ರಲ್ಲಿ ಐದೈದರಂತೆ ಮೂರು ಆಯ್ಕೆ ವಿಷಯ. ಬೇರೆ ಶಾಲೆಯಲ್ಲಿ ನಾಲ್ಕನೇ ಆಯ್ಕೆ ಇರುವ ಜಾಗದಲ್ಲಿ ಇಲ್ಲಿ ಧಾರ್ಮಿಕ ಅಧ್ಯಯನದ ಜಿಸಿಎಸ್‌ಇ ಕೂತಿದೆ. ಇದಕ್ಕೆ ಶಾಲೆಗಳ ಸಾಧನೆ ಅಳೆಯಲು 2010ರಲ್ಲಿ ಬಂದ ಇಬ್ಯಾಕ್ ಅಳತೆಯ ಒತ್ತಡ ಸೇರಿತು. ಒಂದು ವಿದೇಶಿ ಭಾಷೆ, ಜೊತೆಗೆ ಇತಿಹಾಸ ಅಥವಾ ಭೂಗೋಳ ಬೇಕೆಂದು ಅದು ಬಯಸುತ್ತಿತ್ತು, ಧಾರ್ಮಿಕ ಅಧ್ಯಯನವನ್ನು ಮಾನವಿಕ ವಿಷಯವೆಂದು ಎಣಿಸುತ್ತಿರಲಿಲ್ಲ. ಮೂರು ಆಯ್ಕೆಗಳಲ್ಲಿ ಎರಡು ಅಲ್ಲೇ ಮುಗಿದು, ಮಗುವಿನ ಸ್ವಂತ ಇಷ್ಟಕ್ಕೆ ಉಳಿದದ್ದು ಒಂದೇ. ಕ್ಯಾಥೋಲಿಕ್ ಶಾಲೆಗಳಲ್ಲಿ ಸಂಗೀತ, ನಾಟಕ, ವಿನ್ಯಾಸದ ತರಗತಿಗಳು ಬರಿದಾಗಲು ಈ ಬಿಗಿತ ದೊಡ್ಡ ಕಾರಣ. ಈ ಅಳತೆಯನ್ನು ಕೈಬಿಡುವುದಾಗಿ ಸರ್ಕಾರ 2025ರ ನವೆಂಬರಿನಲ್ಲಿ ಹೇಳಿದೆ. ಆದ್ದರಿಂದ ‘ಇಬ್ಯಾಕ್ ಇದೆ, ಏನು ಮಾಡೋಣ’ ಎಂಬ ಉತ್ತರ ಇನ್ನು ಮುಂದೆ ನಡೆಯುವುದಿಲ್ಲ. ಎರಡು ಕಡ್ಡಾಯ ಆಯ್ಕೆಗಳನ್ನು ಒಂದಕ್ಕೆ ಇಳಿಸಬಹುದೇ ಎಂದು ಗವರ್ನರುಗಳು ಈಗಲೇ ಕೇಳಬೇಕು.

ಆಯ್ಕೆ ವಿಷಯಗಳನ್ನು ಗುಂಪು ಮಾಡುವ ಕ್ರಮದಲ್ಲೂ ನ್ಯಾಯ-ಅನ್ಯಾಯವಿದೆ. ಎ, ಬಿ, ಸಿ ಎಂದು ಮೊದಲೇ ಪಟ್ಟಿ ಅಚ್ಚು ಹಾಕಿ ‘ಒಂದೊಂದರಿಂದ ಒಂದೊಂದು ಆರಿಸಿ’ ಎಂದರೆ ಸಂಗೀತವೂ ಇತಿಹಾಸವೂ ಬೇಕೆನ್ನುವ ಮಗುವಿಗೆ ಎರಡೂ ಒಂದೇ ಪಟ್ಟಿಯಲ್ಲಿದ್ದು ಬಾಗಿಲು ಮುಚ್ಚುತ್ತದೆ. ಸರಿಯಾದ ಕ್ರಮ ತಿರುಗುಮುರುಗು. ಮೊದಲು ಇಯರ್ 9ರ ಎಲ್ಲ ಮಕ್ಕಳಿಂದ ಮೂರು ಇಷ್ಟ, ಒಂದು ಬದಲಿ ಬರೆಸಿಕೊಳ್ಳಬೇಕು. ಯಾವ ಎರಡು ವಿಷಯಗಳನ್ನು ಎಷ್ಟು ಮಕ್ಕಳು ಒಟ್ಟಿಗೆ ಕೇಳಿದ್ದಾರೆ ಎಂದು ಎಣಿಸಬೇಕು. ಒಂದೇ ತರಗತಿ ನಡೆಯುವ ಸಂಗೀತ, ನಾಟಕ, ಜರ್ಮನ್‌ಗಳನ್ನು ಬೇರೆ ಬೇರೆ ಗುಂಪಿಗೆ ಮೊದಲು ಕೂರಿಸಬೇಕು. ಹಲವು ತರಗತಿ ಇರುವ ಇತಿಹಾಸ, ಭೂಗೋಳಗಳನ್ನು ಎಲ್ಲ ಗುಂಪಿಗೂ ಹರಡಬೇಕು. ಆಗಲೂ ಒಂದಿಷ್ಟು ಮಕ್ಕಳು ಬದಲಿಗೆ ಹೋಗಬೇಕಾಗುತ್ತದೆ, ಆದರೆ ಸಂಖ್ಯೆ ತುಂಬ ಇಳಿಯುತ್ತದೆ. ಎಂಟೇ ಮಕ್ಕಳು ಸಂಗೀತ ಕೇಳಿದಾಗ ತರಗತಿಯನ್ನು ರದ್ದು ಮಾಡುವ ಮೊದಲು ಅದೇ ಧರ್ಮಪ್ರಾಂತ್ಯದ (ಬಿಷಪ್ಪರ ವ್ಯಾಪ್ತಿಯ) ಪಕ್ಕದ ಶಾಲೆಯೊಂದಿಗೆ ಸೇರಿ ನಡೆಸಲು ಸಾಧ್ಯವೇ ಎಂದು ನೋಡಬೇಕು. ಕಲೆಯ ವಲಯದಲ್ಲಿ ಒಂದು ವಿಷಯ ಸಿಗುವಂತಿದ್ದರೆ ರಾಷ್ಟ್ರೀಯ ಪಠ್ಯಕ್ರಮದ ನಿಯಮ ಪೂರೈಸಿದಂತೆ ಆಗುತ್ತದೆ. ಅಂದರೆ ಚಿತ್ರಕಲೆ ಒಂದನ್ನೇ ಇಟ್ಟುಕೊಂಡು ಸಂಗೀತ ನಾಟಕ ಎರಡನ್ನೂ ಮುಚ್ಚಿದರೂ ಯಾರೂ ಕೇಳುವುದಿಲ್ಲ. ಕೇಳಬೇಕಾದವರು ನೀವೇ.

ಇಲ್ಲಿ ನಮ್ಮ ಕನ್ನಡ ಪೋಷಕರಿಗೆ ನೇರವಾಗಿ ಒಂದು ಮಾತು. ಜಿಸಿಎಸ್‌ಇ ವಿಷಯ ಆರಿಸುವ ಬಗ್ಗೆ ಶಾಲೆ ಕರೆಯುವ ‘ಆಯ್ಕೆಯ ಸಂಜೆ’ ಬಂದರೆ ನಮ್ಮವರ ಮೊದಲ ಪ್ರಶ್ನೆ ‘ಟ್ರಿಪಲ್ ಸೈನ್ಸ್ ಸಿಗುತ್ತದಾ?’ ಎಂಬುದು. ಟ್ರಿಪಲ್ ಎಂದರೆ ಮೂರೂ ವಿಜ್ಞಾನಕ್ಕೆ ಪ್ರತ್ಯೇಕ ಜಿಸಿಎಸ್‌ಇ. ಹೆಚ್ಚಿನ ಮಕ್ಕಳು ಓದುವ ಕಂಬೈನ್ಡ್ ಸೈನ್ಸ್‌ನಲ್ಲೂ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಇವೆ, ಸಿಗುವುದು ಎರಡು ಜಿಸಿಎಸ್‌ಇ. ಒಳ್ಳೆಯ ಗ್ರೇಡ್ ಬಂದರೆ ಅದರ ಮೇಲೆ, ಹದಿನೆಂಟರ ಹೊತ್ತಿಗೆ ಬರೆಯುವ, ವಿಜ್ಞಾನದ ಎ ಲೆವೆಲ್‌ಗೆ ಸೇರಿಸಿಕೊಳ್ಳುವ ಸಿಕ್ಸ್ತ್ ಫಾರ್ಮ್‌ಗಳೇ ಹೆಚ್ಚು. ಟ್ರಿಪಲ್ ತೆಗೆದುಕೊಂಡರೆ ಅನೇಕ ಶಾಲೆಗಳಲ್ಲಿ ಇರುವ ಒಂದೇ ಮುಕ್ತ ಆಯ್ಕೆ ಅದಕ್ಕೇ ಹೋಗುತ್ತದೆ. ವಿಜ್ಞಾನ ಇಷ್ಟಪಟ್ಟು ಓದುವ ಮಗುವಿಗೆ ಅದು ಸರಿ. ನೆರೆಮನೆಯವರ ಮಗು ತೆಗೆದುಕೊಂಡಿದೆ ಎಂಬುದು ಕಾರಣವಾಗಬಾರದು. ಭಾಷೆಯ ವಿಷಯದಲ್ಲಿ ಹೇಳುವುದಾದರೆ, ಜಿಸಿಎಸ್‌ಇಯಲ್ಲಿ ಗುಜರಾತಿ, ಬಂಗಾಳಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಆದ್ದರಿಂದ ಶಾಲೆ ಕಲಿಸುವ ಫ್ರೆಂಚನ್ನೋ ಸ್ಪ್ಯಾನಿಷನ್ನೋ ಹಗುರವಾಗಿ ಕಾಣಬೇಡಿ. ಮನೆಯಲ್ಲಿ ಎರಡು ಭಾಷೆ ಆಡುವ ಮಕ್ಕಳಿಗೆ ಮೂರನೆಯದು ಬೇಗ ಹತ್ತುತ್ತದೆ.

ಧಾರ್ಮಿಕ ಶಿಕ್ಷಣಕ್ಕೆ ಸಮಯ ಕೊಟ್ಟರಾಯಿತೇ, ಕಲಿಸುವವರು ಬೇಡವೇ? ವರ್ಷಕ್ಕೆ ಆರು ಸೆಕ್ಷನ್ ಇರುವ ಶಾಲೆಯಲ್ಲಿ ಐದು ವರ್ಷ, ಆರು ತರಗತಿ, ಐದು ಪೀರಿಯಡ್ ಎಂದರೆ ಎರಡು ವಾರಕ್ಕೆ 150 ಪಾಠ. ಪಾಠದ ತಯಾರಿಗೆ ಕನಿಷ್ಠ ಶೇಕಡಾ 10 ಸಮಯ ಬಿಡಬೇಕೆಂಬ ನಿಯಮ ಇರುವುದರಿಂದ ಪೂರ್ಣಕಾಲಿಕ ಶಿಕ್ಷಕರೊಬ್ಬರು 42 ಪಾಠ ಮಾಡುತ್ತಾರೆ ಎನ್ನೋಣ. ಮೂವರಿದ್ದರೆ 126. ಉಳಿದ 24 ಪಾಠಗಳು, ಅಂದರೆ ಹತ್ತಿರಹತ್ತಿರ ಐದು ತರಗತಿಗಳ ಆರ್‌ಇ, ಬಿಡುವಿರುವ ಪಿಇ ಮೇಷ್ಟ್ರಿಗೋ ಭೂಗೋಳದ ಟೀಚರಿಗೋ ಹೋಗುತ್ತವೆ. ಅವರು ಶ್ರದ್ಧೆಯಿಂದ ಮಾಡಬಹುದು, ಆದರೆ ಯಹೂದಿ ಧರ್ಮದ ಬಗ್ಗೆ ಮಗು ಕೇಳುವ ಎರಡನೇ ಪ್ರಶ್ನೆಗೆ ಸ್ಲೈಡ್‌ನಲ್ಲಿ ಉತ್ತರ ಇರುವುದಿಲ್ಲ. ಹೀಗೆ ಹಂಚಿದ ತರಗತಿಗಳು ಹೆಚ್ಚಾಗಿ ಇಯರ್ 7 ಮತ್ತು 8ರವೇ ಆಗಿರುತ್ತವೆ. ಬುನಾದಿ ಬೀಳುವ ವರ್ಷಗಳೂ ಅವೇ. ಧರ್ಮಪ್ರಾಂತ್ಯದಿಂದ ಬರುವ ತಪಾಸಣೆ ಧಾರ್ಮಿಕ ಶಿಕ್ಷಣವನ್ನು ಪ್ರತ್ಯೇಕವಾಗಿ ನೋಡುತ್ತದೆ, ಸರ್ಕಾರದ ಶಾಲಾ ತಪಾಸಣೆಯ ಸಂಸ್ಥೆ ಆಫ್‌ಸ್ಟೆಡ್ ಉಳಿದದ್ದನ್ನು. ಇಬ್ಬರ ವರದಿಯನ್ನೂ ಪಕ್ಕಪಕ್ಕ ಇಟ್ಟು ಓದಿ.

ಅತ್ಯಂತ ನೋವಿನ ವಿಷಯ ಇನ್ನೊಂದಿದೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಹೆಚ್ಚುವರಿ ಇಂಗ್ಲಿಷ್ ಅಥವಾ ಗಣಿತ ಕೊಡುತ್ತಾರೆ, ಒಳ್ಳೆಯದೇ. ಆದರೆ ಅದನ್ನು ಯಾವ ಪಾಠದಿಂದ ಎಬ್ಬಿಸಿಕೊಂಡು ಹೋಗುತ್ತಾರೆ? ಹೆಚ್ಚಾಗಿ ಫ್ರೆಂಚ್‌ನಿಂದ, ಸಂಗೀತದಿಂದ, ಕಲೆಯಿಂದ. ಅಕ್ಷರದಲ್ಲಿ ಎಡವುವ ಮಗುವಿಗೆ ತಲೆಯೆತ್ತಿ ನಿಲ್ಲಲು ಸಿಗುವ ಒಂದೇ ಜಾಗ ಕೆಲವೊಮ್ಮೆ ಡ್ರಮ್ಮಿನ ಹಿಂದೆ ಅಥವಾ ಬಣ್ಣದ ಮುಂದೆ ಇರುತ್ತದೆ. ವಿಶಾಲ ಪಠ್ಯಕ್ರಮ ಇಡೀ ಶಾಲೆಗಿದ್ದೂ ಆ ಮಗುವಿಗೆ ಇಲ್ಲದಂತಾಗುತ್ತದೆ. ಪರಿಹಾರ ಕಷ್ಟವಲ್ಲ. ಆರು ವಾರದ ಅವಧಿ ನಿಗದಿಮಾಡಿ, ಪ್ರತಿ ವಾರ ಬೇರೆ ಪಾಠದಿಂದ ಕರೆದುಕೊಂಡು ಹೋಗಿ, ಸಾಧ್ಯವಾದಷ್ಟು ಫಾರ್ಮ್ ಟೈಮ್ (ಹಾಜರಿ ಹಾಕುವ ಹೊತ್ತು) ಬಳಸಿ, ಆರು ವಾರದ ಕೊನೆಗೆ ಅಳೆದು ನೋಡಿ ಮುಂದುವರಿಸಬೇಕೋ ನಿಲ್ಲಿಸಬೇಕೋ ತೀರ್ಮಾನಿಸಿ. ‘ನಿಮ್ಮ ಮಗನಿಗೆ ಫ್ರೆಂಚ್ ಬೇಡ, ಬಿಡಿಸೋಣ’ ಎಂದು ಫೋನ್ ಬಂದರೆ ತಕ್ಷಣ ಹೂಂ ಅನ್ನಬೇಡಿ. ಎಷ್ಟು ವಾರ, ಯಾರು ಕಲಿಸುತ್ತಾರೆ, ಮರಳಿ ಯಾವಾಗ ಎಂದು ಕೇಳಿ.

ಸಂಬಂಧ ಮತ್ತು ಲೈಂಗಿಕ ಶಿಕ್ಷಣ 2020ರ ಸೆಪ್ಟೆಂಬರಿನಿಂದ ಕಡ್ಡಾಯ, ಕ್ಯಾಥೋಲಿಕ್ ಶಾಲೆಗೂ. ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ ಕಲಿಸಲು ಅವಕಾಶವಿದೆ, ಕಾನೂನಿನ ಸಂಗತಿಗಳನ್ನು ಬಿಡಲು ಇಲ್ಲ. ಲೈಂಗಿಕ ಶಿಕ್ಷಣದ ಭಾಗದಿಂದ ಮಗುವನ್ನು ಹಿಂದಕ್ಕೆ ಕರೆದುಕೊಳ್ಳಲು ಕೋರಬಹುದು. ಆದರೆ ಹದಿನಾರು ತುಂಬಲು ಮೂರು ಟರ್ಮ್ ಇರುವಾಗಿನಿಂದ ಮಗುವೇ ಬೇಕೆಂದರೆ ಅದರ ಮಾತು ನಡೆಯುತ್ತದೆ. ನೀತಿಪತ್ರ ರೂಪಿಸುವಾಗ ಪೋಷಕರ ಅಭಿಪ್ರಾಯ ಕೇಳಲೇಬೇಕು. ಆ ಪತ್ರ ಮನೆಗೆ ಬಂದಾಗ ಓದಿ ಉತ್ತರಿಸಿ.

ನೀವು ಶಾಲೆಗೆ ಕೇಳಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ವರ್ಷಕ್ಕೂ ಪ್ರತಿ ವಿಷಯಕ್ಕೂ ಎರಡು ವಾರಕ್ಕೆ ಎಷ್ಟು ಪೀರಿಯಡ್ ಎಂಬ ಒಂದು ಪುಟದ ಪಟ್ಟಿ. ಯಾವ ವರ್ಷದಲ್ಲಿ ಯಾವ ಪಾಠಗಳನ್ನು ಆ ವಿಷಯ ಓದದ ಶಿಕ್ಷಕರು ಮಾಡುತ್ತಿದ್ದಾರೆ. ಕಳೆದ ವರ್ಷ ಎಷ್ಟು ಮಕ್ಕಳಿಗೆ ಕೇಳಿದ ಮೂರೂ ಆಯ್ಕೆಗಳು ಸಿಕ್ಕವು, ಯಾವ ವಿಷಯ ರದ್ದಾಯಿತು. ಹೆಚ್ಚುವರಿ ಪಾಠಕ್ಕೆ ಮಕ್ಕಳನ್ನು ಎಲ್ಲಿಂದ ಎಬ್ಬಿಸುತ್ತಾರೆ. ಯಾವ ವರ್ಷ ಏನು ಕಲಿಸುತ್ತೇವೆ ಎಂಬುದನ್ನು ಶಾಲೆ ಪ್ರಕಟಿಸಲೇಬೇಕು, ಆದರೆ ಗಂಟೆಗಳ ಲೆಕ್ಕ ಅದರಲ್ಲಿ ಬಹುತೇಕ ಕಾಣುವುದಿಲ್ಲ. ಮರ್ಯಾದೆಯಿಂದ, ಬರವಣಿಗೆಯಲ್ಲಿ, ಡೆಪ್ಯುಟಿ ಹೆಡ್‌ಗೆ ಕೇಳಿ. ಹೆಚ್ಚಿನವರು ಸಂತೋಷದಿಂದಲೇ ಕೊಡುತ್ತಾರೆ.

ಗವರ್ನರುಗಳಿಗೆ ಸಮಯದ ಒಂದು ಎಚ್ಚರಿಕೆ. ಆಯ್ಕೆಯ ಸಂಜೆಗಳು ಸಾಮಾನ್ಯವಾಗಿ ಜನವರಿಯಿಂದ ಮಾರ್ಚಿನೊಳಗೆ. ಬೇಸಿಗೆಯ ಕೊನೆಗೆ ಕೆಲಸ ಬಿಡುವ ಶಿಕ್ಷಕರು ಮೇ 31ರೊಳಗೆ ರಾಜೀನಾಮೆ ಕೊಡಬೇಕು, ಅಂದರೆ ಹೊಸಬರನ್ನು ಬೇರೆ ಶಾಲೆಯಿಂದ ಕರೆತರುವ ನೇಮಕಾತಿಯೂ ಅದಕ್ಕೆ ಮೊದಲೇ ಮುಗಿದಿರಬೇಕು. ವೇಳಾಪಟ್ಟಿ ಜೂನಿನಲ್ಲಿ ತಯಾರಾಗುವಾಗ ‘ಸಂಗೀತಕ್ಕೆ ಇನ್ನೊಂದು ಪೀರಿಯಡ್ ಕೊಡಿ’ ಎಂದರೆ ಕೊಡಲು ಶಿಕ್ಷಕರೇ ಇರುವುದಿಲ್ಲ. ಪೀರಿಯಡ್‌ಗಳ ಹಂಚಿಕೆ ನವೆಂಬರಿನ ಪಠ್ಯಕ್ರಮ ಸಮಿತಿಯ ಕಾರ್ಯಸೂಚಿಯಲ್ಲಿ ಬರಲಿ, ಶಿಕ್ಷಕರ ಸಂಖ್ಯೆಯ ಲೆಕ್ಕ ಜನವರಿಯಲ್ಲಿ ಬಜೆಟ್ಟಿನ ಜೊತೆಗೆ ಬರಲಿ. ಎರಡನ್ನೂ ಒಂದೇ ಹಾಳೆಯ ಮೇಲೆ ತರಿಸಿಕೊಂಡು ನೋಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠ ಹೇಳುವ, ವೇಳಾಪಟ್ಟಿ ಹೆಣೆಯುವ ಕೆಲವು ಕನ್ನಡ ಶಿಕ್ಷಕರು